ಸೋಲುವವನ ಕಡೆ

ಹೃದಯಾಘಾತವಾಗಿ ಆಸ್ಪತ್ರೆ ಸೇರಿ ಮನೆಗೆ ಮರಳಿದ ಅಪ್ಪ ಟಿವಿಯಲ್ಲಿ ಫುಟ್‌ಬಾಲ್ ನೋಡಕೂಡದು, ಎದೆಬಡಿತ ನೂರು ದಾಟಬಾರದು ಎಂದು ಡಾಕ್ಟರು ತಾಕೀತು ಮಾಡಿದ್ದರು. ಯೋಚಿಸಿ ಯೋಚಿಸಿ ಸಾಕಾದ ಮಗಳು ಗಾಲ್ಫ್ ಹಾಕಿಕೊಟ್ಟಳು. ಆ ವರ್ಷ ಒಬ್ಬನೇ ಆಟಗಾರ ಎಲ್ಲ ಪಂದ್ಯಗಳನ್ನೂ ಗೆಲ್ಲುತ್ತಿದ್ದ. ಗೆಲ್ಲುವವನು ಯಾರೆಂದು ಮೊದಲೇ ಗೊತ್ತಿದ್ದರೆ ಎದೆ ಯಾಕೆ ಹೊಡೆದುಕೊಳ್ಳುತ್ತದೆ ಎಂದುಕೊಂಡಿದ್ದಳು.

"ಇದೇನು ಆಟನಮ್ಮಾ? ನಲ್ಲಿ ಕೆಳಗೆ ಬಕೆಟ್ ಇಟ್ಟು ಕಾದ ಹಾಗಿದೆ," ಎಂದರು ಅಪ್ಪ.

"ಅದಕ್ಕೇ ಹಾಕಿರೋದು. ಸುಮ್ನೆ ನೋಡಿ."

ಪ್ರತಿ ಭಾನುವಾರ ಅವರ ಬೆರಳಿಗೆ ನಾಡಿ ತೋರಿಸುವ ಪುಟ್ಟ ಯಂತ್ರ ಸಿಕ್ಕಿಸಿ, ಅದನ್ನೇ ನೋಡುತ್ತ ಕೂರುತ್ತಿದ್ದಳು. ವಾರದ ದಣಿವಿಗೆ ಕಣ್ಣು ಎಳೆಯುತ್ತಿತ್ತು. ಎಪ್ಪತ್ತೆರಡು, ಎಪ್ಪತ್ತಮೂರು. ಮೂರು ಭಾನುವಾರ ಹೀಗೇ ಕಳೆದವು.

ನಾಲ್ಕನೆಯ ಭಾನುವಾರ ತೂಕಡಿಕೆಯಿಂದ ಎಚ್ಚೆತ್ತಾಗ ಯಂತ್ರ ತೊಂಬತ್ತೆಂಟು ತೋರಿಸುತ್ತಿತ್ತು. "ಅಪ್ಪಾ, ಎದೆ ನೋಯ್ತಿದೆಯಾ?"

"ತಡಿಯೇ. ಆ ಬೋಳುತಲೆಯವನನ್ನ ನೋಡು. ಹೋದ ವಾರದ ಪಂದ್ಯದಲ್ಲಿ ಆ ಗೆಲ್ಲೋನಿಗಿಂತ ಹನ್ನೊಂದು ಹೊಡೆತ ಹಿಂದಿದ್ದ, ಈ ಪಂದ್ಯದಲ್ಲಿ ಆರೇ. ಇದು ಕುಳಿಗೆ ಬಿದ್ರೆ ಐದು."

"ಆದ್ರೂ ಸೋಲ್ತಾನಲ್ಲಪ್ಪ?"

"ಸೋಲ್ತಾನೆ. ಅವನಿಗೂ ಗೊತ್ತು. ಆದ್ರೂ ಚೆಂಡು ಎತ್ತ ಉರುಳುತ್ತೆ ಅಂತ ಎಷ್ಟು ಹೊತ್ತಿಂದ ಕೂತು ಹುಲ್ಲು ನೋಡ್ತಿದಾನೆ, ನೋಡು."

ಸೋಲುವವರೂ ಆಡುತ್ತಿರುತ್ತಾರೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ತೊಂಬತ್ತೊಂಬತ್ತು. ರಿಮೋಟ್ ಕೈಗೆತ್ತಿಕೊಂಡಳು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಅಪ್ಪ ದಿಂಬು ಬಿಟ್ಟು ನೆಟ್ಟಗೆ ಕೂತಿದ್ದರು.

"ಇದೊಂದು ಹೊಡೆತ, ಅಷ್ಟೇ. ಆಮೇಲೆ ಟಿವಿ ಆರಿಸ್ತೀನಿ," ಎಂದು ಅವರ ಕೈ ಹಿಡಿದುಕೊಂಡಳು.