ಐನೂರ ಹದಿನೇಳನೇ ಪುಟ

ಶಶಿರೇಖ ಮಾವನಿಗೆ ಮೊದಲ ಸುಳ್ಳು ಓದಿದ್ದು ಒಂದು ಮಂಗಳವಾರ ಮಧ್ಯಾಹ್ನ. ಅದನ್ನು ಸುಳ್ಳು ಎನ್ನಬೇಕೋ ಬೇಡವೋ ಎಂಬ ಯೋಚನೆಯೂ ಆಗ ಅವಳಿಗೆ ಬಂದಿರಲಿಲ್ಲ.

ಅವಳ ಮಾವ ಮುನಿಸ್ವಾಮಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿ ಆರು ವರ್ಷವಾಗಿತ್ತು. ಚಿನ್ನದ ಗಣಿ ಮುಚ್ಚುವವರೆಗೂ ಭೂಮಿಯೊಳಗೆ ದುಡಿದವನು. ಆಮೇಲೆ ಕಾಮಸಮುದ್ರದ ಪಕ್ಕದ ತನ್ನ ಊರಿನಲ್ಲಿ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಬದುಕಿದ್ದ. ಈಗ ಹಸುಗಳೆಲ್ಲ ಸೊಸೆಯ ಪಾಲಿಗೆ ಬಂದಿದ್ದವು. ಮಗ ಶ್ರೀಧರ್ ಬೆಳಗಿನ ರೈಲು ಹಿಡಿದು ವೈಟ್‌ಫೀಲ್ಡಿನ ಗೋಡೌನ್ ಕೆಲಸಕ್ಕೆ ಹೋದರೆ ಮನೆಯಲ್ಲಿ ಉಳಿಯುವುದು ಇವರಿಬ್ಬರೇ. ಮಧ್ಯಾಹ್ನ ಮುದ್ದೆ ಉಂಡು, ಹಸುಗಳಿಗೆ ನೀರು ತೋರಿಸಿ, ಶಶಿರೇಖ ಪುಸ್ತಕ ಹಿಡಿದು ಜಗಲಿಗೆ ಬರುತ್ತಿದ್ದಳು. ಮುನಿಸ್ವಾಮಪ್ಪ ಅಷ್ಟರಲ್ಲಿ ಕಂಬಕ್ಕೆ ಒರಗಿ ಕಾಯುತ್ತಿರುತ್ತಿದ್ದ.

ಪುಸ್ತಕದ ಹೆಸರು ‘ಎಂಟನೇ ಪಾತಾಳ’. ಎಂಟುನೂರ ಹನ್ನೆರಡು ಪುಟ. ಬರೆದವರು ವಿಜಯಕುಮಾರ್, ಬಂಗಾರಪೇಟೆ ರೈಲ್ವೆ ಪಾರ್ಸಲ್ ಆಫೀಸಿನಲ್ಲಿದ್ದು ನಿವೃತ್ತರಾದವರು. ಹನ್ನೆರಡು ವರ್ಷ ಬರೆದು, ಕೈಯಿಂದಲೇ ಖರ್ಚು ಹಾಕಿ ಅಚ್ಚು ಹಾಕಿಸಿದ್ದರು. ಮುಚ್ಚಿಹೋದ ಗಣಿಯೊಂದರ ತಳದಿಂದ ಕ್ಯಾಪ್ಟನ್ ರಣಧೀರ ಎಂಬವನು ನೆಲ ಕೊರೆಯುವ ಹಡಗೊಂದರಲ್ಲಿ ಪಾತಾಳಕ್ಕೆ ಇಳಿಯುವ ಕತೆ. ಅಲ್ಲಿ ಉಕ್ಕಿನ ಆನೆಗಳಿದ್ದವು, ಕುದಿಯುವ ಪಾದರಸದ ಕೆರೆಯಿತ್ತು, ಮೂರು ಕಣ್ಣಿನ ರಾಣಿಯಿದ್ದಳು. ಕ್ಯಾಪ್ಟನ್ ಜೊತೆಗೆ ಭೈರ ಎಂಬ ಬಂಡೆ ಕೊರೆಯುವ ಡ್ರಿಲ್ಲರ್ ಇದ್ದ. ಕುಳ್ಳ, ಬಾಯಿತುಂಬ ಎಲೆಯಡಿಕೆ, ರಾಣಿಯ ಮುಂದೆ ನಿಂತರೂ ಬೈಗುಳ ನಿಲ್ಲಿಸದವನು. ಮುನಿಸ್ವಾಮಪ್ಪನಿಗೆ ಕ್ಯಾಪ್ಟನ್‌ಗಿಂತ ಭೈರನೇ ಅಚ್ಚುಮೆಚ್ಚು. ಭೈರ ಬಾಯಿ ತೆರೆದರೆ ಸಾಕು, ಇವನು ತೊಡೆ ತಟ್ಟಿಕೊಂಡು ನಗುತ್ತಿದ್ದ.

ಆ ಮಂಗಳವಾರ ಶಶಿರೇಖ ಐನೂರ ಹದಿನೇಳನೇ ಪುಟಕ್ಕೆ ಬಂದಳು. ಎರಡು ಸಾಲು ಓದಿ ನಿಲ್ಲಿಸಿದಳು. ಪುಟದ ಉಳಿದ ಭಾಗದ ಮೇಲೆ ಕಣ್ಣಾಡಿಸಿದಳು. ಬಂಡೆ ಸಿಡಿದು ಭೈರನ ಕಾಲು ಸಿಕ್ಕಿಕೊಳ್ಳುತ್ತದೆ, ಕ್ಯಾಪ್ಟನ್ ಅವನನ್ನು ಅಲ್ಲೇ ಬಿಟ್ಟು ಮೇಲೆ ಹತ್ತುತ್ತಾನೆ.

ಮೂವತ್ತೈದು ವರ್ಷದ ಹಿಂದೆ ಗಣಿಯೊಳಗೆ ಹೀಗೇ ಬಂಡೆ ಸಿಡಿದು ಮುನಿಸ್ವಾಮಪ್ಪನ ಜೊತೆಗಾರ ವೆಂಕಟಸ್ವಾಮಿ ಸತ್ತಿದ್ದ. ಸಿಡಿದ ಕ್ಷಣದಲ್ಲೇ ಜೀವ ಹೋಯಿತು, ಪಕ್ಕದಲ್ಲಿದ್ದ ಮುನಿಸ್ವಾಮಪ್ಪ ಉಳಿದಿದ್ದು ದೇವರ ದಯೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಪ್ರತಿ ವರ್ಷ ಆ ದಿನ ಅವನು ಊಟ ಮಾಡುತ್ತಿರಲಿಲ್ಲ. ಅಕ್ಕಿ, ಬೆಲ್ಲ ಹಿಡಿದು ಗಣಿಯೂರಾದ ಕೋರಮಂಡಲ್‌ನಲ್ಲಿರುವ ವೆಂಕಟಸ್ವಾಮಿಯ ಹೆಂಡತಿ ಮಂಗಮ್ಮನ ಮನೆಗೆ ಹೋಗಿ ಬರುತ್ತಿದ್ದ. ಕಣ್ಣು ಹೋದ ಮೇಲೂ ಅದನ್ನು ಬಿಟ್ಟಿರಲಿಲ್ಲ.

ಇಂಥವನಿಗೆ ಈ ಪುಟ ಹೇಗೆ ಓದುವುದು? ಪುಟ ಅಂಟಿಕೊಂಡಿದೆ ಎಂದು ನೆಪ ಹೇಳಿ ಶಶಿರೇಖ ಒಂದು ಗಳಿಗೆ ಯೋಚಿಸಿದಳು. ಆಮೇಲೆ, ಅರ್ಧ ದಾರಿ ಹತ್ತಿದ್ದ ಕ್ಯಾಪ್ಟನ್ ಕೂಗು ಕೇಳಿ ಮತ್ತೆ ಕೆಳಗಿಳಿದ, ಕಬ್ಬಿಣದ ಸಲಾಕೆಯಿಂದ ಬಂಡೆ ಮೀಟಿದ, ಭೈರನನ್ನು ಹೆಗಲ ಮೇಲೆ ಹೊತ್ತು ತಂದ ಎಂದು ತಾನೇ ಕಟ್ಟಿ ಹೇಳಿಬಿಟ್ಟಳು. ಮುನಿಸ್ವಾಮಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಆ ಭಾಗವನ್ನು ಇನ್ನೊಂದು ಸಲ ಓದು ಎಂದ. ಅವಳು ಇನ್ನೊಂದು ಸಲ ‘ಓದಿದಳು’.

ತೊಂದರೆ ಶುರುವಾಗಿದ್ದು ಮಾರನೇ ದಿನದಿಂದ. ಪುಸ್ತಕದಲ್ಲಿ ಸತ್ತ ಭೈರ ಇವರ ಜಗಲಿಯಲ್ಲಿ ಬದುಕಿದ್ದ. ಇನ್ನೂ ಮುನ್ನೂರು ಪುಟ ಅವನನ್ನು ಸಾಕಬೇಕಿತ್ತು. ಕ್ಯಾಪ್ಟನ್ ಒಬ್ಬನೇ ಕಾದುವ ಕಡೆಯಲ್ಲೆಲ್ಲ ಶಶಿರೇಖ ಭೈರನನ್ನೂ ಸೇರಿಸಿದಳು. ಅವನ ಬೈಗುಳಗಳನ್ನು ಹಾಲು ಕರೆಯುವಾಗ ಯೋಚಿಸಿಟ್ಟುಕೊಳ್ಳುತ್ತಿದ್ದಳು. ಉಕ್ಕಿನ ಆನೆಗೆ ಅವನು ಎಲೆಯಡಿಕೆ ತಿನ್ನಲು ಕಲಿಸಿದ, ರಾಣಿಯ ದಾಸಿಯನ್ನು ಮದುವೆಯಾದ. ಪುಸ್ತಕ ಮುಗಿದಾಗ ಅವಳಿಗೇ ಬೇಸರವಾಯಿತು.

ಮುಗಿದ ವಾರಕ್ಕೇ ಬಂಗಾರಪೇಟೆ ಗ್ರಂಥಾಲಯದ ವನಿತಾ ಫೋನ್ ಮಾಡಿದಳು. ಆ ಪುಸ್ತಕ ಓದಿದವರೆಲ್ಲ ಎರಡು ಪಂಗಡವಾಗಿ ಕಚ್ಚಾಡುತ್ತಿದ್ದಾರೆ, ಭಾನುವಾರ ಎಲ್ಲರನ್ನೂ ಸೇರಿಸಿ ಮಾತಾಡಿಸುತ್ತಿದ್ದೇನೆ, ವಿಜಯಕುಮಾರರೂ ಬರುತ್ತಾರೆ, ನೀನೂ ಬಾ ಎಂದಳು. ಫೋನ್ ಸ್ಪೀಕರಿನಲ್ಲಿತ್ತು. ಮುನಿಸ್ವಾಮಪ್ಪ ಕೇಳಿಸಿಕೊಂಡ. ಅವತ್ತಿನಿಂದ ತಾನೂ ಬರುತ್ತೇನೆಂದು ಒಂದೇ ಹಟ. ಶಶಿರೇಖ ಹಸು ಈಯುವ ದಿನ ಎಂದಳು, ಬಸ್ಸಿಲ್ಲ ಎಂದಳು. ಅವನು ಮಗನಿಗೆ ಹೇಳಿ ಆಟೋ ಗೊತ್ತು ಮಾಡಿಸಿದ.

ಗ್ರಂಥಾಲಯದ ಕೋಣೆಯಲ್ಲಿ ಇಪ್ಪತ್ತು ಜನರಿದ್ದರು. ವಿಜಯಕುಮಾರ್ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಮೊದಲ ಸಾಲಿನ ಕೊನೆಯಲ್ಲಿ ಕುಳಿತಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಆದಿನಾರಾಯಣ ಮೇಷ್ಟ್ರು ಮೊದಲು ಎದ್ದರು. ಅಷ್ಟು ಆಳದಲ್ಲಿ ಬಂಡೆ ಮುಟ್ಟಿದರೆ ಕೈ ಸುಡುತ್ತದೆ, ನೂರನೇ ಪುಟಕ್ಕೇ ಕ್ಯಾಪ್ಟನ್ ಬೆಂದು ಹೋಗಬೇಕಿತ್ತು, ಉಕ್ಕಿನ ಆನೆಗೆ ಎಣ್ಣೆ ಹಾಕುವವರು ಯಾರು ಎಂದು ಒಂದೊಂದಾಗಿ ಲೆಕ್ಕ ಒಪ್ಪಿಸಿದರು. ಮುನ್ನೂರು ಪುಟ ಕಿತ್ತು ಹಾಕಿದರೂ ಕತೆಗೆ ನಷ್ಟವಿಲ್ಲ ಎಂದರು. ಆದರೆ ಒಂದು ಪುಟ ಮಾತ್ರ ನಿಜ, ಭೈರನನ್ನು ಬಿಟ್ಟು ಬರುವ ಐನೂರ ಹದಿನೇಳನೇ ಪುಟ, ಮನುಷ್ಯ ಇರುವುದೇ ಹಾಗೆ ಎಂದು ಕುಳಿತರು.

ಶಶಿರೇಖ ತಿರುಗಿ ಮಾವನ ಮುಖ ನೋಡಿದಳು. ಅವನು ಹುಬ್ಬು ಗಂಟಿಕ್ಕಿದ್ದ.

ಸಹನ ಎಂಬ ಹುಡುಗಿ ಕೂಡಲೇ ಎದ್ದಳು. ದಿನಾ ಬೆಂಗಳೂರಿಗೆ ಹೋಗಿ ಬರುವ ರೈಲಿನಲ್ಲಿ ನಿಂತುಕೊಂಡೇ ಇಡೀ ಪುಸ್ತಕ ಓದಿದ್ದಳಂತೆ. ಆನೆ ಸುಳ್ಳಾದರೆ ಆಗಲಿ, ಎರಡು ಸಲ ಇಳಿಯುವ ಸ್ಟೇಷನ್ ತಪ್ಪಿಸಿಕೊಂಡಿದ್ದೇನೆ, ಅಷ್ಟು ಚೆನ್ನಾಗಿದೆ ಎಂದಳು. ಆದರೆ ಮೇಷ್ಟ್ರು ಮೆಚ್ಚಿದ ಆ ಪುಟ ಓದಿ ಪುಸ್ತಕವನ್ನು ಸೀಟಿನ ಕೆಳಗೆ ಎಸೆದುಬಿಟ್ಟಿದ್ದಳು. ಜೊತೆಗಾರನನ್ನು ಬಿಟ್ಟು ಓಡುವವನು ಎಂಥ ಹೀರೋ ಎಂದು ವಿಜಯಕುಮಾರರನ್ನೇ ನೇರವಾಗಿ ಕೇಳಿದಳು. ಅರ್ಧ ಜನ ಹೌದು ಹೌದು ಎಂದರು. ಉಳಿದರ್ಧ ಮೇಷ್ಟ್ರ ಕಡೆ.

ಮುನಿಸ್ವಾಮಪ್ಪ ಕೋಲೂರಿ ಎದ್ದು ನಿಂತ. ಶಶಿರೇಖ ಅವನ ಅಂಗಿಯ ತುದಿ ಹಿಡಿದಳು. ಅವನು ಬಿಡಿಸಿಕೊಂಡ.

“ನೀವ್ಯಾರೂ ಸರಿಯಾಗಿ ಓದಿಲ್ಲ ಅಂತ ಕಾಣ್ತದೆ,” ಎಂದ. “ಕ್ಯಾಪ್ಟನ್ನು ಬುಟ್ಟು ಓಗಲ್ಲ. ವಾಪಸ್ ಇಳೀತಾನೆ. ಎಗಲ ಮೇಲೆ ಒತ್ಕೊಂಡು ಬತ್ತಾನೆ. ಆಮೇಲೆ ಭೈರ ಆನೆಗೆ ಎಲೆಯಡಿಕೆ ತಿನ್ನಿಸ್ತಾನಲ್ಲ, ಅದ್ಯಾಕೆ ಯಾರೂ ಮಾತಾಡಲ್ಲ?”

ಯಾರೋ ಹಿಂದಿನಿಂದ ನಕ್ಕರು. ಆಮೇಲೆ ನಗು ನಿಂತಿತು. ವಿಜಯಕುಮಾರ್ ಕುರ್ಚಿಯಿಂದ ಅರ್ಧ ಎದ್ದು ಹಾಗೇ ನಿಂತಿದ್ದರು. ತಾವು ಬರೆದ ಭೈರ ಅಲ್ಲೇ ಸತ್ತನೆಂದೂ, ಆನೆಗೆ ಎಲೆಯಡಿಕೆ ತಿನ್ನಿಸುವ ಮಾತು ತಮ್ಮ ಪುಸ್ತಕದಲ್ಲಿ ಎಲ್ಲೂ ಇಲ್ಲವೆಂದೂ ಮೆಲ್ಲಗೆ ಹೇಳಿದರು. ಒಬ್ಬೊಬ್ಬರಾಗಿ ಎಲ್ಲರೂ ಶಶಿರೇಖಳ ಕಡೆ ತಿರುಗಿದರು. ಅವಳ ತೊಡೆಯ ಮೇಲೆ ಪುಸ್ತಕ ಇತ್ತು.

ಮುನಿಸ್ವಾಮಪ್ಪನೂ ತಿರುಗಿದ. ಕಣ್ಣು ಕಾಣದವನು ಸರಿಯಾಗಿ ಅವಳಿದ್ದ ಕಡೆಗೇ ಮುಖ ಮಾಡಿದ.

“ಶಶಿ, ಅದ್ರಾಗೆ ಏನೈತೆ?”

ಅವಳು ಪುಸ್ತಕದ ಮೇಲೆ ಕೈ ಇಟ್ಟಳು. ಮನೆಗೆ ಹೋಗಿ ಓದುತ್ತೇನೆ ಎಂದಳು.

“ಇಲ್ಲೇ ಓದು. ಇರೋದೇ ಓದು.”

ವನಿತಾ ಬೇಡವೆಂದು ಕೈಸನ್ನೆ ಮಾಡಿದಳು. ಆದರೆ ಶಶಿರೇಖಳ ಬೆರಳುಗಳು ಪುಟ ಹುಡುಕುತ್ತಿದ್ದವು. ಅವಳು ಓದಿದಳು: ‘ಬಂಡೆ ಸಿಡಿಯಿತು! ಪಾತಾಳವೇ ಬಾಯ್ದೆರೆದು ಘರ್ಜಿಸಿತು! ಭೈರನ ಎಡಗಾಲು ಶಿಲೆಯಡಿ ಸಿಕ್ಕಿತ್ತು. ರಣಧೀರ ಅವನ ತೋಳು ಹಿಡಿದು ಮೂರು ಬಾರಿ ಎಳೆದ. ನಾಲ್ಕನೆಯ ಬಾರಿ ಎಳೆಯಲಿಲ್ಲ. ತೋಳು ಬಿಟ್ಟು ಏಣಿ ಹಿಡಿದ. ಕೆಳಗಿನಿಂದ ಭೈರ ಅವನ ಹೆಸರು ಹಿಡಿದು ಕೂಗುತ್ತಲೇ ಇದ್ದ. ರಣಧೀರ ಕೆಳಗೆ ನೋಡಲಿಲ್ಲ.’



“ಮೂರಲ್ಲ, ಎರಡು ಸಲ,” ಎಂದ ಮುನಿಸ್ವಾಮಪ್ಪ.

ಮುದುಕ ಇನ್ನೂ ಪುಸ್ತಕದ ಬಗ್ಗೆಯೇ ತಕರಾರು ಎತ್ತುತ್ತಿದ್ದಾನೆಂದು ಎಲ್ಲರೂ ತಿಳಿದರು. ಶಶಿರೇಖಳೂ ಹಾಗೇ ತಿಳಿದಳು.

“ಎರಡೇ ಸಲ ಎಳ್ದೆ ನಾನು. ಕಾಲು ಬರಲಿಲ್ಲ. ಮೇಲಿಂದ ಮಣ್ಣು ಉದುರ್ತಾ ಇತ್ತು. ಬುಟ್ಬುಟ್ಟು ಬಂದೆ. ವೆಂಕಟಸ್ವಾಮಿ ಕೂಗ್ತಾನೇ ಇದ್ದ.”

ಅಷ್ಟು ಹೇಳಿ ಕುರ್ಚಿಯನ್ನು ಕೈಯಿಂದ ತಡವಿ ಕುಳಿತುಕೊಂಡ. ಸಹನ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು. ಮೇಷ್ಟ್ರು ನೆಲ ನೋಡುತ್ತಿದ್ದರು. ಶಶಿರೇಖ ಮಾವನನ್ನೇ ನೋಡಿದಳು. ಮದುವೆಯಾಗಿ ಹನ್ನೆರಡು ವರ್ಷ ಅವಳು ಅನ್ನ ಬಡಿಸಿದ ಮನುಷ್ಯ ಇವನು. ಸತ್ತುಹೋದ ಅತ್ತೆಗೂ ಇದು ಗೊತ್ತಿರಲಿಲ್ಲ, ಶ್ರೀಧರನಿಗೂ ಗೊತ್ತಿಲ್ಲ.

ಸಭೆ ಯಾರೂ ಮುಗಿಸದೆ ತಾನಾಗಿಯೇ ಮುಗಿಯಿತು. ಹೊರಗೆ ಆಟೋ ಹತ್ತುವಾಗ ವಿಜಯಕುಮಾರ್ ಓಡಿ ಬಂದರು. ಮುಖ ಬಿಳಿಚಿತ್ತು. ತಾವು ಗಣಿಯೊಳಗೆ ಒಂದು ಸಲವೂ ಇಳಿದವರಲ್ಲ, ಪಾರ್ಸಲ್ ಆಫೀಸಿನ ಮೇಜಿನ ಮುಂದೆ ಕುಳಿತು ಬರೆದದ್ದು, ಯಾರಿಂದಲೂ ಕೇಳಿದ್ದಲ್ಲ ಎಂದು ಶಶಿರೇಖಳಿಗೆ ಮತ್ತೆ ಮತ್ತೆ ಹೇಳಿದರು. “ಸುಮ್ಮನೆ ಬರೆದೆನಮ್ಮ. ಕತೆಗೆ ಬೇಕಾಗಿತ್ತು ಅಂತ ಬರೆದೆ,” ಎಂದರು. ಅವಳು ತಲೆಯಾಡಿಸಿದಳು.

ಎರಡು ದಿನ ಅವನು ಸೊಸೆಯ ಜೊತೆ ಮಾತಾಡಲಿಲ್ಲ. ಬಡಿಸಿದ್ದನ್ನು ಉಂಡ, ಹಸುಗಳ ಹತ್ತಿರ ಹೋಗಿ ನಿಂತ. ಶ್ರೀಧರ್ ವಿಷಯ ತಿಳಿದು, ಅಪ್ಪನಿಗೆ ವಯಸ್ಸಾಯಿತು, ಏನೋ ಗೊಂದಲವಾಗಿದೆ ಎಂದು ತನಗೆ ತಾನೇ ಹೇಳಿಕೊಂಡು ಕೆಲಸಕ್ಕೆ ಹೋದ. ಮೂರನೇ ದಿನ ಮಧ್ಯಾಹ್ನ ಶಶಿರೇಖ ತಡೆಯಲಾರದೆ ಜಗಲಿಗೆ ಬಂದು ತಪ್ಪಾಯಿತು ಎಂದಳು.

“ಅವ್ನು ವಾಪಸ್ ಇಳಿದ ಅಂತ ನೀನು ಓದಿದ್ಯಲ್ಲ,” ಎಂದ ಮುನಿಸ್ವಾಮಪ್ಪ, “ಅವತ್ತು ನನಗೆ ಎಷ್ಟು ನೆಮ್ಮದಿ ಆಯ್ತು ಅಂದ್ರೆ, ಒಟ್ಟೆತುಂಬ ಉಂಡೆ. ಯಾವನೋ ಒಬ್ಬನಾದ್ರೂ ಇಳಿದ್ನಲ್ಲ ಅಂತ.” ಕೋಲು ತಡವಿ ಹಿಡಿದು, “ಕೋರಮಂಡಲ್‌ಗೆ ಕರ್ಕೊಂಡು ಓಗು. ಮಂಗಮ್ಮನಿಗೆ ಇದನ್ನ ಬೇರೆ ಯಾರೋ ಏಳಬಾರದು, ನಾನೇ ಏಳ್ಬೇಕು,” ಎಂದ.

ಮಂಗಮ್ಮ ಗಣಿಯವರ ಹಳೆಯ ಸಾಲುಮನೆಯಲ್ಲಿ ಒಬ್ಬಳೇ ಇದ್ದಳು. ವರ್ಷದ ದಿನವಲ್ಲದ ದಿನ ಇವರು ಬಂದದ್ದು ಕಂಡು, ಯಾಕಣ್ಣ, ಮೈಗೆ ಹುಷಾರಿಲ್ಲವೇ ಎಂದು ಮಣೆ ಕೊಟ್ಟಳು. ಮುನಿಸ್ವಾಮಪ್ಪ ಮಣೆಯ ಮೇಲೆ ಕೂರಲಿಲ್ಲ. ಬಾಗಿಲಲ್ಲೇ ನೆಲಕ್ಕೆ ಕುಳಿತು, ಬಂಡೆ ಸಿಡಿದದ್ದು, ಎರಡು ಸಲ ಎಳೆದದ್ದು, ಬಿಟ್ಟು ಬಂದದ್ದು ಎಲ್ಲ ಹೇಳಿದ. ಎಲ್ಲೂ ತನ್ನನ್ನು ಸಮರ್ಥಿಸಿಕೊಳ್ಳಲಿಲ್ಲ. ಎರಡನೇ ಸಲ ಬಂಡೆ ಸಿಡಿದಾಗ ತಾನು ಮೇಲಿನ ಸುರಂಗದ ಲೆವೆಲ್ಲಿಗೆ ತಲುಪಿದ್ದೆ, ಆಗ ಕೂಗು ನಿಂತಿತು ಎಂದ.

ಮಂಗಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ಯಾವಾಗಲೂ ಅವನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದವಳು ಈಗ ತನ್ನ ಮನೆಮಾತು ತೆಲುಗಿನಲ್ಲಿ ಕೇಳಿದಳು, ಎಷ್ಟು ಹೊತ್ತು ಕೂಗಿದ ಎಂದು.

ಒಂದು ಬೀಡಿ ಸೇದುವಷ್ಟು ಹೊತ್ತು ಎಂದ ಮುನಿಸ್ವಾಮಪ್ಪ.

ಅವಳು ಎದ್ದು ಒಳಗೆ ಹೋದಳು. ಒಳಗಿನಿಂದ ಅಳುವ ಸದ್ದೂ ಬರಲಿಲ್ಲ, ಪಾತ್ರೆಯ ಸದ್ದೂ ಬರಲಿಲ್ಲ. ಪಕ್ಕದ ಮನೆಯವರ ಟಿವಿ ಮಾತ್ರ ಕೇಳುತ್ತಿತ್ತು. ಬಹಳ ಹೊತ್ತಾದ ಮೇಲೆ ಒಂದು ಲೋಟ ನೀರು ತಂದು ಶಶಿರೇಖಳ ಕೈಗೆ ಕೊಟ್ಟಳು. ಮುನಿಸ್ವಾಮಪ್ಪನಿಗೆ ಕೊಡಲಿಲ್ಲ.

“ತಕ್ಷಣ ಓಯ್ತು ಜೀವ ಅಂತ ನೀನೇ ಅಲ್ವಾ ನನಗೆ ಏಳಿದ್ದು,” ಎಂದಳು ಕನ್ನಡಕ್ಕೆ ತಿರುಗಿ. “ಮೂವತ್ತೈದು ವರ್ಷ ಅದೊಂದನ್ನ ಇಡ್ಕೊಂಡು ಇದ್ದೆ. ಮತ್ತೆ ಬರಬ್ಯಾಡ ಅಂತ ಅನ್ನಲ್ಲ ಅಣ್ಣ. ಇವತ್ತು ಓಗು.”

ಬಸ್ ನಿಲ್ದಾಣದವರೆಗೆ ಶಶಿರೇಖ ಮಾವನ ಕೈ ಹಿಡಿದು ನಡೆಸಿದಳು. ಬಿಸಿಲು ಜೋರಾಗಿತ್ತು. ಅವನ ಅಂಗೈ ಬೆವರಿನಿಂದ ಜಾರುತ್ತಿತ್ತು. ಅವಳು ಇನ್ನಷ್ಟು ಬಿಗಿಯಾಗಿ ಹಿಡಿದಳು.

“ಅವಳ ಮುಖ ಎಂಗಿತ್ತು?” ಎಂದು ಮುನಿಸ್ವಾಮಪ್ಪ ಕೇಳಿದ.

“ನಾನು ನೋಡಲಿಲ್ಲ ಮಾವ,” ಎಂದಳು ಶಶಿರೇಖ. “ನೋಡೋಕೆ ಧೈರ್ಯ ಬರಲಿಲ್ಲ.”

ಅವನು ಹ್ಞೂಂ ಎಂದ. ಕಾಮಸಮುದ್ರದ ಬಸ್ಸು ಬಂದು ನಿಂತಾಗ ಅವಳು ಮೊದಲು ಹತ್ತಿ, ಅವನ ಕೈಯನ್ನು ಕಂಬಿಗೆ ಹಿಡಿಸಿ, ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿದಳು.