ದೊರೆ ಬಿಟ್ಟುಹೋದ ಮೇಲಂಗಿ

1848ರ ಫೆಬ್ರವರಿ. ಫ್ರಾನ್ಸಿನ ದೊರೆಯ ತ್ವಿಲೆರಿ ಅರಮನೆಯ ಬಟ್ಟೆಕೋಣೆಯಲ್ಲಿ ಸಿದೋನಿ ಅಂದು ಒಂದೇ ಮೇಜುಹಾಸನ್ನು ಮೂರು ಸಲ ಬಿಚ್ಚಿ ಮಡಿಸಿದಳು. ಕೈ ಇಲ್ಲಿತ್ತು, ಕಿವಿಯೆಲ್ಲ ಹೊರಗಿತ್ತು. ಪ್ಯಾರಿಸ್ಸಿನ ಗಂಟೆಗಳು ನಸುಕಿನಿಂದಲೂ ಬಡಿದುಕೊಳ್ಳುತ್ತಿದ್ದವು. ಹಿಂದಿನ ಸಂಜೆ ಸೈನಿಕರು ದೊರೆಯ ವಿರುದ್ಧ ಬೀದಿಗಿಳಿದಿದ್ದ ಗುಂಪಿನ ಮೇಲೆ ಗುಂಡು ಹಾರಿಸಿದ್ದರು. ಜನ ಆ ಹೆಣಗಳನ್ನು ಗಾಡಿಯಲ್ಲಿ ಹೇರಿ ಊರೆಲ್ಲ ತಿರುಗಿಸಿದ ಮೇಲೆ, ಬೆಳಗಾಗುವಷ್ಟರಲ್ಲಿ ಓಣಿ ಓಣಿಗೂ ಕಲ್ಲಿನ ಅಡ್ಡಗಟ್ಟೆಗಳು ಎದ್ದಿದ್ದವು. ಅವುಗಳಲ್ಲೊಂದರ ಹಿಂದೆ ಅವಳ ತಮ್ಮ ಆನ್ಸೆಲ್ಮ್ ಬಂದೂಕು ಹಿಡಿದು ಕೂತಿರುತ್ತಾನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಈ ದೊರೆಯ ಬಟ್ಟೆಯನ್ನು ಅವಳು ಅವನಿಗೆ ಪಟ್ಟವಾಗುವ ಮೊದಲಿನಿಂದಲೂ ನೋಡಿಕೊಳ್ಳುತ್ತಿದ್ದಳು. ಮೊದಲನೆಯ ಕ್ರಾಂತಿಯಲ್ಲಿ ಅವನಪ್ಪನ ತಲೆ ಹೋಗಿತ್ತು. ಮಗ ಪರದೇಶಿಯಾಗಿ, ಸ್ವಿಟ್ಜರ್ಲೆಂಡಿನಲ್ಲಿ ಬೇರೆ ಹೆಸರಿಟ್ಟುಕೊಂಡು ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದಿದ್ದ. ಹದಿನೆಂಟು ವರ್ಷದ ಹಿಂದೆ ಇನ್ನೊಂದು ಕ್ರಾಂತಿಯೇ ಅವನನ್ನು ಗದ್ದುಗೆಗೆ ಏರಿಸಿತ್ತು. ಆಗ ಕೊಡೆ ಹಿಡಿದು ಬೀದಿಯಲ್ಲಿ ನಡೆದು ಕಂಡಕಂಡವರ ಕೈ ಕುಲುಕಿದವನು, ಬರಬರುತ್ತ ಹಣವಂತರ ಮಾತಿಗೆ ಮಾತ್ರ ಕಿವಿಗೊಟ್ಟ. ಬಡವರಿಗೆ ಮತವೂ ಇಲ್ಲ, ಕೆಲಸವೂ ಇಲ್ಲ.

"ನಿನ್ನ ಮರಸೇಬು ಮೂತಿ ದೊರೆ ಚಡ್ಡಿ ಒಗೀತಾ ಕೂತ್ಕೋ," ಎಂದು ಬಡಗಿ ಕೆಲಸದ ಆನ್ಸೆಲ್ಮ್ ಮೂರು ವರ್ಷದ ಹಿಂದೆ ಹಂಗಿಸಿ ಹೋದವನು ಮತ್ತೆ ಅಕ್ಕನ ಬಾಗಿಲು ತುಳಿದಿರಲಿಲ್ಲ.

ಅರಮನೆಯ ಮನೆವಾರ್ತೆ ನೋಡಿಕೊಳ್ಳುವ ತಾಬುರೆ ಬಾಗಿಲಲ್ಲಿ ಇಣುಕಿದ. "ಊಟದ ಮೇಜು ರೆಡಿ ಮಾಡ್ಸಮ್ಮ. ಏನೂ ಆಗಲ್ಲ, ನಾಲ್ಕು ಕಲ್ಲು ಎಸೆದು ಮನೆಗೆ ಹೋಗ್ತಾರೆ."

"ಗುಂಡಿನ ಸದ್ದು ಹತ್ರ ಬರ್ತಾ ಇದೆಯಲ್ಲ ಸ್ವಾಮಿ?"

"ಗಾಳಿ ಈ ಕಡೆ ಬೀಸ್ತಿದೆ, ಅಷ್ಟೆ."

ಮಧ್ಯಾಹ್ನವಾಗುವ ಹೊತ್ತಿಗೆ ಅದೇ ತಾಬುರೆ ಮುಖದಲ್ಲಿ ರಕ್ತವಿಲ್ಲದೆ ಓಡಿಬಂದ. "ಮುಗೀತು! ದೊರೆ ಗದ್ದುಗೆ ಬಿಟ್ಟು, ಮೊಮ್ಮಗನಿಗೆ ಪಟ್ಟ ಅಂತ ಬರೆದುಕೊಟ್ಬಿಟ್ರು. ದೊರೆಗೆ ಮೇಲಂಗಿ, ಎರಡು ಅಂಗಿ ತೋಟದ ಬಾಗಿಲಿಗೆ ತಗೊಂಡು ಬಾ. ಬೇಗ!"

ಸಿದೋನಿ ಕೈಗೆ ಸಿಕ್ಕಿದ್ದನ್ನು ಗಂಟು ಕಟ್ಟಿ ಮೆಟ್ಟಿಲಿಳಿದು ಓಡಿದಳು. ಎಲೆ ಉದುರಿದ ಮರಗಳ ಆಚೆ, ದೂರದಲ್ಲಿ, ಕಪ್ಪು ಕೋಟಿನ ಮುದುಕನೊಬ್ಬ ಹೆಂಡತಿಯ ತೋಳು ಹಿಡಿದು ದಡದಡನೆ ಹೋಗುತ್ತಿದ್ದ. "ಸ್ವಾಮೀ!" ಎಂದು ಕೂಗಿದಳು. ಯಾರೂ ತಿರುಗಲಿಲ್ಲ. ಅವಳು ಗೇಟು ಮುಟ್ಟುವಷ್ಟರಲ್ಲಿ ಗಾಡಿಗಳು ಹೊರಟುಹೋಗಿದ್ದವು. ಫೆಬ್ರವರಿಯ ಚಳಿಯಲ್ಲಿ ಎಪ್ಪತ್ತು ದಾಟಿದ ಮುದುಕ ಬೆಚ್ಚನೆಯ ಬಟ್ಟೆಯೂ ಇಲ್ಲದೆ ಹೋದನಲ್ಲ ಎಂದು ಗಂಟನ್ನು ಎದೆಗವಚಿಕೊಂಡಳು. ಮರುಕ್ಷಣವೇ ತಮ್ಮನ ನೆನಪಾಗಿ, ತಾನು ಯಾರಿಗಾಗಿ ಮರುಗುತ್ತಿದ್ದೇನೆಂದು ತನ್ನ ಮೇಲೇ ಸಿಟ್ಟು ಬಂತು.

ವಾಪಸು ಬಂದಾಗ ತಾಬುರೆಯ ಜರಿಯಂಗಿ ನೆಲದಲ್ಲಿ ಬಿದ್ದಿತ್ತು, ತಾಬುರೆ ಇರಲಿಲ್ಲ. ಇಸ್ತ್ರಿ ಮೇಜಿನ ಹಿಂದೆ ಏನೋ ಮಿಸುಕಿತು. ಮೂವತ್ತರ ಆಸುಪಾಸಿನ ಕಾವಲುಪಡೆಯವನೊಬ್ಬ, ತೊಡೆಗೆ ಗಾಯವಾಗಿ, ಗೋಡೆಗೆ ಒರಗಿ ಕೂತಿದ್ದ. ಈ ಸಮವಸ್ತ್ರ ಕಂಡರೆ ಜನ ಸಿಗಿದುಹಾಕುತ್ತಿದ್ದ ದಿನ ಅದು.

"ಸದ್ದು ಮಾಡ್ಬೇಡಿ ತಾಯಿ," ಎಂದ.

ಸದ್ದು ಮಾಡಲು ಅವಳೇ ಬೇಕಾಗಿರಲಿಲ್ಲ. ಕೆಳಗೆ ಗಾಜು ಒಡೆಯಿತು, ಹಾಡು, ಕೇಕೆ, ನೂರಾರು ಮರದ ಬೂಟುಗಳ ಸದ್ದು. ಅವಳು ಅವನ ತೊಡೆಗೆ ದಿಂಬಿನ ಚೀಲ ಹರಿದು ಬಿಗಿಯುತ್ತಿರುವಾಗಲೇ ಬಾಗಿಲು ತೆರೆಯಿತು. ಮದ್ದಿನ ಮಸಿ ಮೆತ್ತಿದ ಮುಖ ಹೊತ್ತು ನಿಂತವನು ಆನ್ಸೆಲ್ಮ್.

"ಅಕ್ಕಾ! ನಿನ್ನನ್ನೇ ಹುಡುಕ್ತಾ—" ಮಾತು ಅಲ್ಲಿಗೇ ತುಂಡಾಯಿತು. ಸಮವಸ್ತ್ರ ಕಂಡಿತ್ತು. ಬಂದೂಕು ಮೇಲೆದ್ದಿತು. "ಪಕ್ಕಕ್ಕೆ ಸರಿ. ನಿನ್ನೆ ಫೆಲಿಸಿಯೆನ್ ನನ್ನ ತೊಡೆ ಮೇಲೆ ಸತ್ತ, ಗೊತ್ತಾ? ಹತ್ತು ವರ್ಷ ಒಂದೇ ಹಲಗೆ ಉಜ್ಜಿದೋರು ನಾವು."

"ಇವನೇನಾ ಹೊಡೆದಿದ್ದು?"

"ಇವನಲ್ದಿದ್ರೆ ಇವನಂಥೋನು."

"ಹಾಗಾದ್ರೆ ನಾನೂ ದೊರೆ ಉಪ್ಪು ತಿಂದೋಳೇ. ನನ್ನಿಂದ್ಲೇ ಶುರು ಮಾಡು."

ಆನ್ಸೆಲ್ಮ್ ಹಲ್ಲು ಕಡಿದ. "ಏಯ್, ಹೆಸರೇನೋ ನಿಂದು? ನಿನ್ನೆ ಸಂಜೆ ಎಲ್ಲಿದ್ದೆ?"

"ಕೊರಾಂತೆನ್. ಲಾಯದಲ್ಲಿದ್ದೆ, ಕುದುರೆ ಹತ್ರ."

"ಬೀದೀಲಿದ್ದಿದ್ರೆ ಹೊಡೀತಿದ್ಯಾ?"

ಗಾಯಾಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಹೊಡಿ ಅಂದಿದ್ರೆ ಹೊಡೀತಿದ್ದೆ ಅನ್ಸತ್ತೆ. ಗೊತ್ತಿಲ್ಲ ಅಣ್ಣ."

ನಿಜ ಹೇಳಿದವನನ್ನು ಕೊಲ್ಲಲು ಆನ್ಸೆಲ್ಮನಿಗೆ ಕೈ ಬರಲಿಲ್ಲ. ಬಂದೂಕು ನಿಧಾನವಾಗಿ ಕೆಳಗಿಳಿಯಿತು. "ಹಾಳಾಗ್ ಹೋಗ್ಲಿ," ಎಂದ. "ಆದ್ರೆ ಇವನನ್ನ ಹೊರಗೆ ಸಾಗಿಸೋದು ಹೇಗೆ? ಮೆಟ್ಟಿಲ ಮೇಲೆ ಇನ್ನೂರು ಜನ ಇದಾರೆ."

ಸಿದೋನಿ ಬಾಗಿಲಿಂದ ಇಣುಕಿದಳು. ಮೀನು ಮಾರುವವಳೊಬ್ಬಳು ರಾಣಿಯ ರೇಷ್ಮೆ ನಿಲುವಂಗಿ ತೊಟ್ಟು ಕುಣಿಯುತ್ತಿದ್ದಳು. ಊಟದ ಮನೆಯಲ್ಲಿ ದೊರೆಗೆ ಬಡಿಸಿಟ್ಟಿದ್ದನ್ನು ಜನ ಮುಕ್ಕುತ್ತಿದ್ದರು. ಅವಳು ದೊರೆಗೆಂದು ಕಟ್ಟಿ ವಾಪಸು ತಂದಿದ್ದ ಗಂಟನ್ನೇ ಬಿಚ್ಚಿದಳು.

ಕೊರಾಂತೆನ್ ಸಮವಸ್ತ್ರದ ಕೋಟು ಕಳಚಿ ದೊರೆಯ ಅಂಗಿ, ದೊರೆಯ ಮೇಲಂಗಿ ತೊಟ್ಟ. ಎರಡು ಆಳು ಹಿಡಿಸುವಷ್ಟು ಅಗಲದ, ತೊಡೆಯ ಗಾಯವನ್ನೂ ಮುಚ್ಚುವಷ್ಟು ಉದ್ದದ ಮೇಲಂಗಿ. ಅವನ ಮುಖಕ್ಕೂ ಒಲೆಯ ಮಸಿ ಬಳಿದರು. ಆನ್ಸೆಲ್ಮ್ ಅವನ ಬಗಲಿಗೆ ಹೆಗಲು ಕೊಟ್ಟು ಮೆಟ್ಟಿಲ ತಲೆಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದ: "ದಾರಿ ಬಿಡ್ರೋ! ಮಹಾಪ್ರಭುಗಳು ಕುಡಿದು ಕಾಲು ಮುರ್ಕೊಂಡಿದಾರೆ!"

ಗುಂಪು ಹೋ ಎಂದು ನಕ್ಕಿತು. ಒಬ್ಬ ಬಗ್ಗಿ ಮುಜುರೆ ಮಾಡಿದ. "ಇಷ್ಟು ಬೇಗ ಹೊರಟ್ರಾ ಪ್ರಭು?" ಎಂದು ಮುದುಕಿಯೊಬ್ಬಳು ಅವನ ಬೆನ್ನಿಗೆ ಗುದ್ದಿದಳು. ಕೊರಾಂತೆನ್ ಹಲ್ಲು ಕಿರಿದ, ನೋವಿಗೆ ಕಣ್ಣಿಂದ ನೀರು ಇಳಿಯುತ್ತಿತ್ತು. ಹಿಂದೆ ನಡೆಯುತ್ತಿದ್ದ ಸಿದೋನಿಗೆ ಒಂದೊಂದು ಮೆಟ್ಟಿಲೂ ಬಾವಿಯಂತೆ ಕಂಡಿತು. ಬೀದಿಯ ತಿರುವಿನಲ್ಲಿದ್ದ ವೈದ್ಯನೊಬ್ಬನ ಮನೆಗೆ ಅವನನ್ನು ದಾಟಿಸಿದ ಮೇಲೆ ಅಕ್ಕ ತಮ್ಮ ಇಬ್ಬರೂ ಗೋಡೆಗೆ ಒರಗಿ ಏದುಸಿರು ಬಿಟ್ಟರು. ಅತ್ತ ಜನ ಸಿಂಹಾಸನವನ್ನು ಹೊತ್ತು ಸುಡಲು ಬಾಸ್ತೀಲಿನ ಚೌಕದ ಕಡೆ ಹೊರಟಿದ್ದರು.

ಕೆಲವು ದಿನಗಳಲ್ಲಿ, ದೊರೆ ಯಾರೋ ಸಾಮಾನ್ಯನ ಹೆಸರಿಟ್ಟುಕೊಂಡು ಕಡಲು ದಾಟಿ ಇಂಗ್ಲೆಂಡ್ ಸೇರಿದ ಸುದ್ದಿ ಬಂತು. ಮೊಮ್ಮಗನಿಗೂ ಪಟ್ಟ ದಕ್ಕಲಿಲ್ಲ. ಗಣರಾಜ್ಯವಾಯಿತು. ಆನ್ಸೆಲ್ಮ್ ಅಕ್ಕನ ಮನೆಗೆ ಮತ್ತೆ ಬರತೊಡಗಿದ, ಸೂಪು ಕುಡಿಯುತ್ತ ಭಾಷಣ ಬಿಗಿದ. ಆದರೆ ಬಡಗಿಗೆ ಕೆಲಸ ಹುಟ್ಟಲಿಲ್ಲ. ಜೂನ್ ತಿಂಗಳಲ್ಲಿ ಸರ್ಕಾರ ಕೆಲಸವಿಲ್ಲದವರಿಗೆಂದು ತಾನೇ ತೆರೆದಿದ್ದ ಕಾರ್ಯಾಗಾರಗಳನ್ನೂ ಮುಚ್ಚಿದಾಗ ಅವನು ಮತ್ತೆ ಅಡ್ಡಗಟ್ಟೆ ಏರಿದ. ಈ ಸಲ ಫಿರಂಗಿ ಹಾರಿಸಿದ್ದು ಗಣರಾಜ್ಯವೇ.

ಅವನು ಬದುಕಿದ್ದಾನೆಂದು ತಿಳಿಯಲು ಅವಳಿಗೆ ಹನ್ನೊಂದು ದಿನ ಬೇಕಾಯಿತು. ಸೆರೆಮನೆಯ ಕಂಬಿಯ ಸಂದಿನಿಂದ ಅವಳು ಬ್ರೆಡ್ಡು ತೂರಿಸಿದಳು.

"ಆ ಮುದುಕ ತೊಲಗಿದ್ರೆ ಎಲ್ಲ ಸರಿಹೋಗತ್ತೆ ಅಂದ್ಕೊಂಡಿದ್ದೆ ಅಕ್ಕ," ಎಂದ.

"ಮೊದ್ಲು ತಿನ್ನು."

"ಬ್ರೆಸ್ಟ್ ಬಂದರಿಗೆ ಸಾಗಿಸ್ತಾರಂತೆ. ಅಲ್ಲಿ ಕೈದಿಗಳನ್ನ ಹಳೇ ಹಡಗಲ್ಲಿ ತುಂಬ್ತಾರಂತೆ."

"ಬ್ರೆಸ್ಟಲ್ಲಿ ಬಟ್ಟೆ ಒಗೆಸೋರು ಇರಲ್ವಾ?" ಎಂದಳು ಸಿದೋನಿ.

ಅದೇ ವಾರ ಅವಳು ಮನೆ ಖಾಲಿ ಮಾಡಿ, ಇಸ್ತ್ರಿಪೆಟ್ಟಿಗೆಯನ್ನು ಬುಟ್ಟಿಯಲ್ಲಿಟ್ಟುಕೊಂಡು, ಪಶ್ಚಿಮಕ್ಕೆ, ಬ್ರೆಸ್ಟಿನ ಕಡೆಗೆ ಹೋಗುವ ಬಾಡಿಗೆ ಗಾಡಿ ಹತ್ತಿದಳು.