ಗಂಡಿಲ್ಲದ ಹೊಲ

ನಾಲ್ಕನೆಯ ದಿನ ಬೆಳಿಗ್ಗೆ ಯಾರೂ ಬರಲಿಲ್ಲ. ಮೂರು ದಿನ ಮನೆ ತುಂಬ ಜನ, ಕುರಾನ್ ಓದುವ ದನಿ, ಹೊಸ್ತಿಲ ಮುಂದೆ ಚಪ್ಪಲಿಗಳ ರಾಶಿ. ಈಗ ಅಂಗಳದಲ್ಲಿ ಒಂದು ಕೋಳಿ ಮಾತ್ರ ಓಡಾಡುತ್ತಿತ್ತು. ಸಲ್ವಾ ಬಿಳಿ ನಿಲುವಂಗಿ ತೊಟ್ಟು, ತಲೆಗೆ ಬಿಳಿ ಬಟ್ಟೆ ಸುತ್ತಿ ಹೊರಗೆ ಬಂದು ನಿಂತಳು. ಮುಂದೇನು ಮಾಡಬೇಕೆಂದು ಹೊಳೆಯಲಿಲ್ಲ.

"ಮೇಲೆ ಹೋಗು," ಅಂದಳು ಅತ್ತೆ ತಾಮು, ಒಲೆಯ ಮುಂದಿನಿಂದ ಕದಲದೆ. "ನಿನ್ನ ಹೆಣ್ಮಕ್ಕಳು ಬಾಯಾರಿ ಒದ್ದಾಡ್ತಾ ಇದಾವೆ."

ಮಹಡಿಯ ಮೇಲೆ ಮೊಸರಿನ ಖಾಲಿ ಲೋಟಗಳಲ್ಲಿ ನಾನೂರು ಗಾಂಜಾ ಸಸಿಗಳಿದ್ದವು. ಆ ಲೋಟಗಳಿಗಾಗಿ ಅವಳ ಗಂಡ ಮುಫದ್ದಲ್ ಎರಡು ತಿಂಗಳು ಶೆಫ್‌ಶಾವೆನ್‌ನ ಹೋಟೆಲುಗಳ ಹಿಂಬಾಗಿಲು ಕಾದಿದ್ದ. ಒಂದೊಂದರ ತಳಕ್ಕೂ ಮೊಳೆಯಿಂದ ತೂತು ಹೊಡೆದವನೂ ಅವನೇ. ಬೀಜ ಊರಿದವಳು ಸಲ್ವಾ. ಅದಾಗಿ ಹದಿನೈದು ದಿನಕ್ಕೆ ಬೆಟ್ಟದ ತಿರುವಿನಲ್ಲಿ ಲಾರಿ ಉರುಳಿತು. ಓಡಿಸುತ್ತಿದ್ದವನ ಕೈ ಮುರಿಯಿತು. ಪಕ್ಕದಲ್ಲಿ ಕೂತಿದ್ದ ಮುಫದ್ದಲ್ ಉಳಿಯಲಿಲ್ಲ.

ಅವಳು ನೀರು ಹಾಕಿದಳು. ನಾನೂರು ಲೋಟ, ಒಂದಕ್ಕೆ ಅರ್ಧ ಬೊಗಸೆ. ಮುಗಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಹೊತ್ತು ಹೀಗೂ ಕಳೆಯುತ್ತದೆ ಎಂದು ಅವಳಿಗೆ ಅನ್ನಿಸಿತು, ಅಷ್ಟೇ. ಅದಕ್ಕಿಂತ ಹೆಚ್ಚಿನದೇನೂ ಅನ್ನಿಸಲಿಲ್ಲ.

ಸಹಕಾರ ಸಂಘದ ಅಧ್ಯಕ್ಷರು ಹಿಂದಿನ ದಿನವೇ ಬಂದು, ಪುದೀನ ಚಹಾದ ಲೋಟವನ್ನು ಕೈಯಲ್ಲಿ ತಿರುಗಿಸುತ್ತ, ಹೇಳಬೇಕಾದದ್ದು ಹೇಳಿ ಹೋಗಿದ್ದರು. "ಸುಗ್ಗಿಯ ತನಕ ಪರವಾನಗಿ ಮುಫದ್ದಲ್ ಹೆಸರಲ್ಲೇ ಇರುತ್ತೆ, ಮಗಳೇ. ಹೂವಲ್ಲಿ ಬೀಜ ಕಟ್ಟದೆ ಬೆಳೆ ಶುದ್ಧವಾಗಿ ಬಂದ್ರೆ ನಿನ್ನ ಹೆಸರಿಗೆ ಮಾಡಿಸ್ತೀವಿ. ಬೀಜ ಕಟ್ಟಿದ್ರೆ ಔಷಧಿ ಕಾರ್ಖಾನೆಯವರು ಮುಟ್ಟಲ್ಲ. ಆಮೇಲೆ ನನ್ನ ಕೈಲಿ ಏನೂ ಇಲ್ಲ."

ಅಂದೇ ಸಂಜೆ ತವರೂರು ತೆತ್ವಾನ್‌ನಿಂದ ಅಣ್ಣನ ಫೋನ್. "ನಾಲ್ಕು ತಿಂಗಳು ಹತ್ತು ದಿನ ಬಿಳಿ ಉಟ್ಟು ಮನೆ ದಾಟದೆ ಕೂತಿರು. ಅದು ಮುಗಿದ ಮಾರನೇ ದಿನ ಬಂದು ಕರ್ಕೊಂಡು ಹೋಗ್ತೀನಿ. ಅಲ್ಲಿದ್ದು ಏನು ತಿಂತೀಯ?"

ಸಲ್ವಾಳಿಗೆ ಹೋಗುವ ಮನಸ್ಸಿರಲಿಲ್ಲ. ಆ ದಿನಗಳಲ್ಲಿ ಅವಳಿಗೆ ಸ್ಪಷ್ಟವಾಗಿ ಗೊತ್ತಿದ್ದದ್ದು ಇದೊಂದೇ. ಉಳಿಯಬೇಕಾದರೆ ತಿನ್ನಲು ಏನಾದರೂ ಬೇಕು, ಅದಕ್ಕೆ ಪರವಾನಗಿ ಬೇಕು, ಅದಕ್ಕೆ ಈ ನಾನೂರು ಗಿಡ ಬೀಜ ಕಟ್ಟದೆ ಸುಗ್ಗಿಗೆ ಬರಬೇಕು.

ಮೇ ತಿಂಗಳ ಕೊನೆಗೆ ಸಸಿಗಳನ್ನು ಮನೆಯ ಹಿಂದಿನ ಮೆಟ್ಟಿಲು ಹೊಲಕ್ಕೆ ಇಳಿಸಿದರು. ಅದು ಮನೆಗೇ ಅಂಟಿಕೊಂಡ ಹೊಲವಾದ್ದರಿಂದ ಬಿಳಿಯುಟ್ಟವಳು ಅಲ್ಲಿ ಓಡಾಡಿದರೆ ಯಾರೂ ತಪ್ಪೆನ್ನುವಂತಿರಲಿಲ್ಲ. ಗಿಡದಿಂದ ಗಿಡಕ್ಕೆ ಎರಡು ಹೆಜ್ಜೆ ಅಂತರ, ಬುಡಕ್ಕೆ ಆಡಿನ ಗೊಬ್ಬರ, ಸಾಲಿಗೊಂದು ಹನಿ ನೀರಿನ ಕೊಳವೆ. ತಾಮುಗೆ ಇದು ಹಿಡಿಸಲಿಲ್ಲ. ಅವಳು ಕಂಡ ಬಲ್ದಿಯಾ, ಅಂದರೆ ಅಜ್ಜಂದಿರ ಕಾಲದಿಂದ ಬಂದ ನಾಟಿ ಗಾಂಜಾ, ಜವೆಗೋಧಿಯ ಹಾಗೆ ಎರಚಿ ಬಿತ್ತುವಂಥದು. ಈಗ ನೆಟ್ಟ ಈ ಹೊರನಾಡಿನ ಮಿಶ್ರತಳಿಗೆ ಊರಿನವರು ರೂಮಿಯಾ ಎನ್ನುತ್ತಿದ್ದರು.

"ಇಷ್ಟು ದೂರ ದೂರ ನೆಟ್ರೆ ಗಿಡಗಳು ಜಗಳ ಆಡ್ಕೊಂಡಿವೆ ಅಂತಾರೆ ನೋಡಿದೋರು," ಅಂದಳು ತಾಮು.

"ಪೊದೆ ಆಗ್ತಾವೆ ಲಲ್ಲಾ. ಜಾಗ ಬೇಕು." ಊರಿನಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಲಲ್ಲಾ ಎಂದೇ ಕರೆಯುವುದು.

"ಒಂದೂ ಗಂಡಿಲ್ಲ ಅಂತೀಯ ಇದರಲ್ಲಿ?"

"ಬರೀ ಹೆಣ್ಣು. ಬೀಜ ಮಾಡುವಾಗಲೇ ಹಾಗೆ ಮಾಡಿರ್ತಾರೆ."

"ಹೇಗೆ?"

ಸಲ್ವಾ ತೆತ್ವಾನ್‌ನಲ್ಲಿ ಸಸ್ಯಶಾಸ್ತ್ರ ಓದಿದವಳು. ಹೆಣ್ಣು ಗಿಡಕ್ಕೆ ಔಷಧಿ ಹೊಡೆದು ಗಂಡು ಹೂ ಬಿಡಿಸಿ, ಅದರ ಪರಾಗವನ್ನು ಇನ್ನೊಂದು ಹೆಣ್ಣಿಗೆ ಕೊಟ್ಟರೆ ಹುಟ್ಟುವ ಬೀಜವೆಲ್ಲ ಹೆಣ್ಣೇ ಆಗುತ್ತದೆ ಎಂದು ವಿವರಿಸಿದಳು. ತಾಮು ಬಾಯಿಗೆ ತಲೆಬಟ್ಟೆಯ ಅಂಚು ಹಿಡಿದು ಕೇಳಿ, "ಇದನ್ನೆಲ್ಲ ಮೇಷ್ಟ್ರು ಹುಡುಗೀರ ಮುಂದೆ ಹೇಳ್ತಿದ್ರಾ?" ಅಂದಳು.

ಜೂನ್‌ನಲ್ಲಿ ಸಲ್ವಾ ತುದಿ ಚಿವುಟಿದಳು. ಒಂದು ತುದಿ ಹೋದಲ್ಲಿ ಎರಡು ಬಂದವು. ಜುಲೈ ಕೊನೆಗೆ ಗಿಡಗಳು ತಾಮುವಿನ ಭುಜ ಮುಟ್ಟಿದವು. ಆ ವರ್ಷ ಮಳೆ ತಡವಾಗಿ, ಊರಿನ ಬಲ್ದಿಯಾ ಕೂಡ ತಡವಾಗಿಯೇ ಮೊಗ್ಗಿಗೆ ಬಂದಿತ್ತು. ಒಂದು ಬೆಳಿಗ್ಗೆ, ಯಾರೂ ಕರೆಯದೆ, ಎಂಟು ಹೆಂಗಸರು ಹೊಲಕ್ಕೆ ಬಂದರು. ತಲೆಗೆ ಉಣ್ಣೆಯ ಕುಚ್ಚಿನ ಹುಲ್ಲುಟೋಪಿ, ಸೊಂಟಕ್ಕೆ ಕೆಂಪು ಪಟ್ಟೆಯ ಬಟ್ಟೆ. ಮುಂದೆ ಖದ್ದೂಜ್, ಊರಿನಲ್ಲಿ ಅತಿ ದೊಡ್ಡ ಬಾಯಿ ಅವಳದು.

"ಗಂಡು ಕೀಳೋಕೆ ಬಂದ್ವಿ ಲಲ್ಲಾ ತಾಮು! ಗಂಡಸರಿಲ್ಲದ ಮನೆಯ ಹೊಲ ಮೊದಲು, ಮಿಕ್ಕವರದು ಆಮೇಲೆ."

ಗಂಡು ಗಿಡ ಕೀಳುವ ದಿನವೆಂದರೆ ಹೆಂಗಸರಿಗೆ ಹಬ್ಬ. ಬೈಗುಳಕ್ಕೆ ಅಂದು ಬೇಲಿಯಿಲ್ಲ. ಒಂದೊಂದು ಗಂಡನ್ನು ಕೀಳುವಾಗಲೂ ಊರಿನ ಒಬ್ಬೊಬ್ಬ ಗಂಡಸಿನ ಹೆಸರು ಹೇಳಿ ಎಸೆಯುವುದು ವಾಡಿಕೆ. ಸಲ್ವಾ ಬಾಯಿ ತೆರೆಯುವಷ್ಟರಲ್ಲಿ ಖದ್ದೂಜ್ ಒಂದು ಎತ್ತರದ ಗಿಡದ ಕತ್ತು ಹಿಡಿದಿದ್ದಳು.

"ಇದು ನನ್ನ ಯಜಮಾನ! ಉದ್ದ ಇದಾನೆ, ಉಪಯೋಗಕ್ಕಿಲ್ಲ!" ಬೇರು ಸಮೇತ ಬಂತು.

"ಖದ್ದೂಜ್! ಅದು ಹೆಣ್ಣು!"

"ಹೆಣ್ಣಾ?" ಖದ್ದೂಜ್ ಕೈಯಲ್ಲಿದ್ದದ್ದನ್ನು ನೋಡಿದಳು. ಅಷ್ಟರಲ್ಲಿ ಆ ಬದಿಯಲ್ಲಿ ಇನ್ನೊಬ್ಬಳು ತನ್ನ ಮೈದುನನನ್ನು ಕಿತ್ತು ಎಸೆದಾಗಿತ್ತು.

ಸಲ್ವಾ ಓಡಿಹೋಗಿ ಅಡ್ಡ ನಿಂತಳು. ಗಿಡದ ಗೆಣ್ಣಿನಲ್ಲಿ ಮೂಡಿದ್ದ ಎರಡು ಬಿಳಿ ಎಳೆಗಳನ್ನು ಬೆರಳಿಟ್ಟು ತೋರಿಸಿದಳು. "ಎಲ್ಲದರಲ್ಲೂ ಇದೇ ಇದೆ. ನಾನೂರರಲ್ಲಿ ಒಂದೂ ಗಂಡಿಲ್ಲ."

ಎಂಟೂ ಜನ ಬಗ್ಗಿ ನೋಡಿದರು. "ಅಯ್ಯೋ, ಇವೂ ಬಿಳಿ ಉಟ್ಕೊಂಡಿವೆಯಲ್ಲೇ ನಿನ್ನ ಹಾಗೆ," ಅಂದುಬಿಟ್ಟಳು ಖದ್ದೂಜ್. ಅಂದ ಮೇಲೆ ತಾನೇ ಬಾಯಿ ಮುಚ್ಚಿಕೊಂಡಳು.

ಮೊದಲು ನಕ್ಕವಳು ತಾಮು. ಅವಳ ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ ಎಲ್ಲರಿಗೂ ಅಂಟಿಕೊಂಡಿತು. ಸಲ್ವಾ ತನ್ನ ಬಾಯಿಯ ಒಂದು ಕೊನೆ ಮೇಲೆ ಹೋದದ್ದನ್ನು ಗಮನಿಸಿದಳು.

ಕೆಲಸ ಸಿಗದ ಹೆಂಗಸರು ಬಿಸ್ಸಾರ ಎಂಬ ಕಾಳಿನ ಬಿಸಿ ಗಂಜಿ ಕುಡಿದು, ಮೇಲಿನ ಮೆಟ್ಟಿಲಿಗೆ, ನೆರೆಮನೆಯ ಮುದುಕ ಅಬ್ಸಲಾಮ್‌ನ ಹೊಲಕ್ಕೆ ಹೋದರು. ಮಧ್ಯಾಹ್ನ ಖದ್ದೂಜ್ ವಾಪಸು ಬಂದಳು. ಮುಖದಲ್ಲಿ ನಗುವಿರಲಿಲ್ಲ.

"ಆ ಮುದುಕ ಆರು ಗಂಡು ಕೀಳಿಸದೆ ಉಳಿಸ್ಕೊಂಡಿದಾನೆ ಕಣೇ, ಬೀಜಕ್ಕೆ ಬೇಕಂತೆ. ಅದೂ ನಿಮ್ಮ ಗೋಡೆ ಪಕ್ಕದಲ್ಲೇ. ಎಷ್ಟು ಹೇಳಿದ್ರೂ ಕೇಳಲಿಲ್ಲ."

ಸಲ್ವಾ ಗೋಡೆಯ ಹತ್ತಿರ ಹೋಗಿ ನೋಡಿದಳು. ನಿಜವೇ. ಆರು ಗಿಡಗಳ ಮೊಗ್ಗುಗಳು ಪುಟ್ಟ ದ್ರಾಕ್ಷಿ ಗೊಂಚಲಿನಂತೆ ಜೋತುಬಿದ್ದಿದ್ದವು. ಇನ್ನೆರಡು ಮೂರು ದಿನದಲ್ಲಿ ಒಡೆಯುತ್ತವೆ. ಮೂಡಣದ ಗಾಳಿ ಒಂದು ಸಲ ಬೀಸಿದರೆ ಸಾಕು, ಹಳದಿ ಪುಡಿ ಅವಳ ಹೊಲದ ಮೇಲೆಲ್ಲ ಬಿದ್ದು ಹೂ ಹೂವಿನಲ್ಲೂ ಬೀಜ ಕಟ್ಟುತ್ತದೆ. ಅಲ್ಲಿಗೆ ಪರವಾನಗಿ ಹೋಯಿತು. ಅಣ್ಣ ಬಂದ ಹಾಗೆಯೇ.

ತಾಮು ಬಂದು ಗೋಡೆಯ ಮೇಲೆ ಹತ್ತಿ ಕೂತಳು. "ಅವನ ಜೊತೆ ಮಾತಾಡು. ನಾನು ಕೂತಿರೋ ತನಕ ಈ ಗೋಡೆ ಮನೆಯೊಳಗಿನದೇ."

ಅಬ್ಸಲಾಮ್ ಅಂಜೂರ ಜಗಿಯುತ್ತ ನೆರಳಲ್ಲಿದ್ದ. ಅರವತ್ತು ದಾಟಿದವನು. ಊರಿನ ಹಿರಿಯ ಗಂಡಸರನ್ನೆಲ್ಲ ಕಿರಿಯರು ಕರೆಯುವಂತೆ ಅವಳು ಅವನನ್ನೂ ಅಜೀಜಿ ಎಂದೇ ಕರೆದಳು.

"ಅಜೀಜಿ, ಆ ಆರು ಗಿಡ ಕಿತ್ತುಬಿಡಿ."

"ಯಾವ ಆರು?"

"ನಿಮ್ಮ ಬೆನ್ನ ಹಿಂದೆ ಇರೋವು."

ಅವನು ತಿರುಗಿ, ಈಗಷ್ಟೇ ಕಂಡವನಂತೆ ನೋಡಿದ. "ಓ, ಇವರಾ? ಇವರು ನಮ್ಮನೆ ಗಂಡಸರು ಮಗಳೇ. ಪಾಪ, ಯಾರ ತಂಟೆಗೂ ಹೋಗೋರಲ್ಲ."

"ವಯಸ್ಸಿಗೆ ಬಂದ ನಾನೂರು ಹೆಣ್ಮಕ್ಕಳಿರೋ ಮನೆ ಇದು!" ತಾಮು ಗೋಡೆಯ ಮೇಲಿಂದ ಗದರಿದಳು. "ನಿನ್ನ ಗಂಡಸರನ್ನ ಕಟ್ಟಿಹಾಕೋ ಅಬ್ಸಲಾಮ್!"

"ನಾನೂರು ಇಟ್ಕೊಂಡು ಒಂದು ಮದುವೆನೂ ಮಾಡದಿದ್ರೆ ನೆರೆಯವರು ಏನಂತಾರೆ ತಾಮು?"

"ಅಜೀಜಿ," ಅಂದಳು ಸಲ್ವಾ, "ನಿಮ್ಮ ಅಟ್ಟದಲ್ಲಿ ಎರಡು ವರ್ಷಕ್ಕಾಗೋಷ್ಟು ಬೀಜ ಯಾವಾಗಲೂ ಇರುತ್ತೆ ಅಂತ ಮುಫದ್ದಲ್ ಹೇಳ್ತಿದ್ದ. ಮತ್ತೆ ಈ ವರ್ಷ ಯಾಕೆ ಗಂಡು ಬಿಡ್ತೀರಿ?"

ಅಬ್ಸಲಾಮ್ ಅಂಜೂರ ಜಗಿಯುವುದು ನಿಲ್ಲಿಸಿದ. "ಇರ್ತಿತ್ತು."

"ಈಗ?"

"ಈಗ ಇಲ್ಲ. ಬಿಡು ಆ ಮಾತು."

"ಯಾರಿಗೆ ಕೊಟ್ರಿ?"

"ಬಿಡು ಅಂದೆನಲ್ಲ. ಸಾವಾದ ಮನೆ ಬಾಗಿಲಲ್ಲಿ ನಿಂತು ಕೇಳೋನಲ್ಲ ನಾನು."

ಹೇಳಬಾರದೆಂದುಕೊಂಡದ್ದನ್ನು ಹೇಳಿಬಿಟ್ಟೆನೆಂದು ಅವನಿಗೇ ತಿಳಿಯಿತು. ಮುಖ ತಿರುಗಿಸಿಕೊಂಡ. ಸಲ್ವಾ ಗೋಡೆ ಬಿಟ್ಟು ಕದಲಲಿಲ್ಲ. ಕೊನೆಗೆ ಅವನೇ ಹೇಳಿದ. ಚಳಿಗಾಲದಲ್ಲಿ, ರೂಮಿಯಾದ ಕಾಗದಪತ್ರ ಬರುತ್ತದೋ ಇಲ್ಲವೋ ಎಂದು ಹೆದರಿ, ಮುಫದ್ದಲ್ ಮೂರು ಅಳತೆ ಬಲ್ದಿಯಾ ಬೀಜ ಕಡ ಒಯ್ದಿದ್ದ. ಅಬ್ಸಲಾಮ್‌ನ ಹತ್ತಿರ ಉಳಿದದ್ದು ಈ ವರ್ಷದ ಬಿತ್ತನೆಗೇ ಮುಗಿಯಿತು.

"ಎಷ್ಟಾಗುತ್ತೋ ದುಡ್ಡು ಕೊಡ್ತೀನಿ," ಅಂದಳು ಸಲ್ವಾ.

ಅಬ್ಸಲಾಮ್‌ಗೆ ನಿಜಕ್ಕೂ ನೋವಾಯಿತು. "ತೆತ್ವಾನ್‌ನವಳು ನೀನು, ನಿಂಗೆ ಗೊತ್ತಿಲ್ಲ ಬಿಡು. ಬೀಜಕ್ಕೆ ಬೀಜ. ಅದು ನಮ್ಮಜ್ಜನ ಬೀಜ. ದುಡ್ಡು ಬಿತ್ತಿದ್ರೆ ಏನಮ್ಮ ಬೆಳೆಯುತ್ತೆ?"

ಅವಳ ಹೊಲದಲ್ಲಿ ಬೀಜವಾದರೆ ಬೆಳೆಯಿಲ್ಲ. ಬೀಜ ಕೊಡದಿದ್ದರೆ ಅವನು ಗಂಡು ಕೀಳುವುದಿಲ್ಲ. ಆದರೆ ಕಾಗದಪತ್ರ ಬಂದ ಮೇಲೆ ಮುಫದ್ದಲ್ ಬಲ್ದಿಯಾ ಬಿತ್ತಿರಲೇ ಇಲ್ಲ. ಹಾಗಾದರೆ ಆ ಮೂರು ಅಳತೆ ಎಲ್ಲಿ? ಸಲ್ವಾ ತಿರುಗಿ ನೋಡಿದಾಗ ತಾಮು ಆಗಲೇ ಗೋಡೆಯಿಂದಿಳಿದು, ಎಂದೂ ಇಲ್ಲದ ಬಿರುಸಿನಲ್ಲಿ ಮನೆ ಕಡೆ ನಡೆದಿದ್ದಳು.

ಸಲ್ವಾ ಒಳಗೆ ಬಂದಾಗ ತಾಮು ಕೋಣೆಯಲ್ಲಿ ಹಾಸಿಗೆಯ ಮೇಲೆ, ದಿಂಬಿಗೆ ಬೆನ್ನು ಕೊಟ್ಟು ಕೂತಿದ್ದಳು.

"ಲಲ್ಲಾ, ಏಳಿ ಒಂಚೂರು."

"ಮಂಡಿ ನೋವು."

"ದಿಂಬು ಕೊಡಿ ಹಾಗಾದ್ರೆ."

ತಾಮು ದಿಂಬು ಕೊಡಲಿಲ್ಲ. ತಾನೇ ಅದರ ಗವಸಿನೊಳಗೆ ಕೈ ಹಾಕಿ ಒಂದು ಬಟ್ಟೆಯ ಚೀಲ ಎಳೆದು ಮಡಿಲಲ್ಲಿಟ್ಟುಕೊಂಡಳು. ಅಲುಗಿದಾಗ ಒಳಗೆ ಕಾಳು ಸರಸರ ಅಂದಿತು. ಚೀಲದ ಬಾಯಿಗೆ ಹುರಿ ಮೂರು ಸುತ್ತು ಬಿಗಿದು, ಕೊನೆಯನ್ನು ಒಳಗೆ ಸಿಕ್ಕಿಸಿತ್ತು. ಹಾಗೆ ಕಟ್ಟುವವನು ಆ ಮನೆಯಲ್ಲಿ ಒಬ್ಬನೇ ಇದ್ದ. ಗೊಬ್ಬರದ ಮೂಟೆ, ಹಿಟ್ಟಿನ ಚೀಲ, ಏನನ್ನೇ ಕಟ್ಟಿದರೂ ಬಿಚ್ಚುವವರು ಹಲ್ಲು ಹಾಕಬೇಕಿತ್ತು. ಸಲ್ವಾ ಎಷ್ಟೋ ಸಲ ಅದಕ್ಕಾಗಿ ಅವನನ್ನು ಬೈದಿದ್ದಳು.

"ಎಲ್ಲ ಗಂಟೂ ನಾವೇ ಬಿಚ್ಚಿ ಮುಗಿಸಿದ್ವಿ," ಅಂದಳು ತಾಮು. "ಇದೊಂದೇ ಉಳಿದಿರೋದು."

ಸಲ್ವಾ ಅವಳ ಪಕ್ಕದಲ್ಲಿ ಕೂತಳು. ಗಂಟಿನ ಮೇಲೆ ಬೆರಳಾಡಿಸಿದಳು. ಹುರಿ ಒರಟಾಗಿತ್ತು. ಮೂರು ತಿಂಗಳಿಂದ ಮರಗಟ್ಟಿದ್ದ ಬೆರಳಿಗೆ ಆ ಒರಟು ಚೆನ್ನಾಗಿ ತಿಳಿಯಿತು. ಅವಳು ಕೈ ತೆಗೆಯಲಿಲ್ಲ. ತಾಮುವೂ ತೆಗೆ ಅನ್ನಲಿಲ್ಲ.

"ನಾವು ಬಿಚ್ಚೋದು ಬೇಡ," ಅಂದಳು ಸಲ್ವಾ ಕೊನೆಗೆ. "ಹೀಗೇ ಕೊಟ್ಟುಬಿಡೋಣ."

"ಅಬ್ಸಲಾಮ್ ಬಿಚ್ತಾನಲ್ಲ."

"ಬಿತ್ತೋಕೆ ಇನ್ನೂ ಎಂಟು ತಿಂಗಳಿದೆ. ಅಲ್ಲೀತನಕ ಅವರ ಅಟ್ಟದಲ್ಲಿರುತ್ತೆ. ನೋಡಬೇಕು ಅನ್ನಿಸಿದಾಗ ಹೋಗಿ ನೋಡ್ಕೊಂಡು ಬರಬಹುದು."

ತಾಮು ಯೋಚಿಸಿದಳು. ಮೂಗು ಒರೆಸಿಕೊಂಡಳು. "ನನಗೊಂದು ಒಳ್ಳೆ ದಿಂಬು ಮಾಡಿಕೊಡು ಹಾಗಾದ್ರೆ. ಮೂರು ತಿಂಗಳಿಂದ ಕಿವಿಯಡಿ ಇಲಿಗಳು ಪಿಸುಗುಟ್ಟಿದ ಹಾಗೆ ಆಗಿ ನಿದ್ದೆ ಇಲ್ಲ."

ಬಿಸಿಲು ಇಳಿಯುವ ಮೊದಲೇ ಇಬ್ಬರೂ ಮತ್ತೆ ಗೋಡೆಯ ಹತ್ತಿರ ಬಂದರು. ತಾಮು ಹತ್ತಿ ಕೂತಳು. ಸಲ್ವಾ ಚೀಲವನ್ನು ಎದೆಗವಚಿ ಗೋಡೆ ದಾಟಿ, ಬಿಳಿ ಅಂಗಿಯ ಅಂಚು ಎತ್ತಿ ಹಿಡಿದು, ಅಬ್ಸಲಾಮ್‌ನ ಮಣ್ಣಿನ ಮೇಲೆ ನಾಲ್ಕು ಹೆಜ್ಜೆ ಇಟ್ಟಳು.

ಅವನು ಚೀಲವನ್ನು ನೋಡಿದ. ಗಂಟನ್ನು ನೋಡಿದ. ತಕ್ಷಣ ಕೈ ಚಾಚಲಿಲ್ಲ. "ಅಲ್ಲೇ ಹಿಡ್ಕೊಂಡಿರು," ಅಂದ. "ಮೊದಲು ಇವರಿಗೆ ದಾರಿ ತೋರಿಸ್ತೀನಿ."

"ನೀರು ಚಿಮುಕಿಸಿ ಕೀಳಿ ಅಜೀಜಿ. ಒಂದೆರಡು ಮೊಗ್ಗು ಒಡೆದಿದ್ರೂ ಪುಡಿ ಹಾರಬಾರದು."

"ಕೇಳಿದೆಯಾ ತಾಮು? ಸ್ನಾನ ಮಾಡಿಸಿ ಕಳಿಸಬೇಕಂತೆ!"

"ಮಾಡಿಸು ಮಾಡಿಸು. ಹೋಗೋರಿಗೆ ಮರ್ಯಾದೆ ಮಾಡ್ಬೇಕು," ಅಂದಳು ತಾಮು. "ಹೆಸರು ಹೇಳಿ ಕೀಳು. ಮೊದಲನೆಯದು ಅಬ್ಸಲಾಮ್!"

ಸಲ್ವಾ ನಕ್ಕಳು. ನಗು ಗಂಟಲಿಂದ ಸದ್ದಾಗಿಯೇ ಹೊರಬಂತು. ಅದನ್ನು ಕೇಳಿ ಅವಳೇ ಬೆಚ್ಚಿದಳು. ಅಬ್ಸಲಾಮ್ ಕೇಳಿಸದವನಂತೆ ಆರೂ ಗಿಡಗಳಿಗೆ ನೀರು ಹೊಯ್ದು, ಒಂದೊಂದಾಗಿ ಕಿತ್ತು, ಗೋಣಿಚೀಲದಲ್ಲಿ ತುರುಕಿ ಬಾಯಿ ಕಟ್ಟಿದ. ಆಮೇಲೆ ಕಾಲುವೆಯಲ್ಲಿ ಮೊಣಕೈ ತನಕ ತೊಳೆದು, ಅಂಗಿಗೆ ಒರೆಸಿ, ಎರಡೂ ಕೈ ಚಾಚಿದ.

"ಮುಫದ್ದಲ್ ನಿಮ್ಮಿಂದ ಒಯ್ದದ್ದು, ಅಜೀಜಿ," ಅಂದಳು ಸಲ್ವಾ. "ಒಂದು ಕಾಳೂ ಕಡಿಮೆಯಾಗಿಲ್ಲ."

ಗಂಟು ಮೇಲೆ ಬರುವಂತೆ ತಿರುಗಿಸಿ, ಅವಳು ಚೀಲವನ್ನು ಅವನ ತೊಳೆದ ಕೈಗಳಲ್ಲಿಟ್ಟಳು.